ಎಡಗಾಲಿಗೆ ಎಷ್ಟೋ ಬಲಗಾಲಿಗೂ ಅಷ್ಟೇ



ಕೃತ್ತಿಕೆ ಮಳೆ ನಮ್ಮ ಜಗಳೂರು ಕಡೆ ಇನ್ನೂ ಹದ ಕೊಟ್ಟಿಲ್ಲ. ಹೊಲ ಹರಗಿ ಬಿಟ್ಟಿದ್ದೀನಿ, ಕೈಯಲ್ಲಿ ಸ್ವಲ್ಪ ಬಿಡುವು ಐತೆ. ಹಾಗಾಗಿ ಈ ಸಲ ಬೀಜ, ಗೊಬ್ಬರ, ರೇಟು ಯಾವುದೂ ಬೇಡ, ಕಾಲಿನ ಬಗ್ಗೆ ಬರೀತೀನಿ. ಒಂದು ಕಾಲು ಸೊರಗಿದಾಗ ಅದನ್ನ ಹೆಂಗೆ ಗಟ್ಟಿ ಮಾಡ್ಕೊಳ್ಳೋದು, ಎಷ್ಟು ಸಲ ಅಂತ ಎಣಿಸೋದು, ಎಲ್ಲಿ ನಿಲ್ಲಿಸಿ ದಮ್ಮು ತಗೊಳ್ಳೋದು ಅನ್ನೋ ವಿಷಯ. ಹೊಲದಲ್ಲಿ ದುಡಿಯೋ ನಮ್ಮಂಥವರಿಗೆ ಇದು ಬೇಕಾಗ್ತದೆ. ಐವತ್ತು ದಾಟಿದೋರಲ್ಲಿ ಎರಡು ಕಾಲು, ಎರಡು ಕೈ ಒಂದೇ ಸಮ ಇರೋರು ನಮ್ಮೂರಲ್ಲಿ ಎಷ್ಟು ಜನ ಇದ್ದಾರು? ಒಬ್ಬರಿಗೆ ಮಂಡಿ, ಒಬ್ಬರಿಗೆ ಭುಜ, ಒಬ್ಬರಿಗೆ ಲಕ್ವ ಹೊಡೆದ ಕೈ.

ನನ್ನದು ಎಡಗಾಲು. ಹೋದ ವರ್ಷ ಮೆಕ್ಕೆಜೋಳ ಒಕ್ಕೋ ಹೊತ್ತಲ್ಲಿ ಟ್ರಾಲಿಗೆ ಹಾಕಿದ್ದ ಹಲಗೆ ಸರಿದು ಕೆಳಗೆ ಬಿದ್ದೆ. ಮಂಡಿ ಕೆಳಗಿನ ಮೂಳೆ ಮುರೀತು. ಆಪರೇಷನ್ ಬೇಕಾಗಲಿಲ್ಲ. ದಾವಣಗೆರೆಯಲ್ಲಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು, ಸಂಕ್ರಾಂತಿ ಹೊತ್ತಿಗೆ ಬಿಚ್ಚಿದರು. ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿ ಕೂಡೈತೆ ಅಂದರು. ಆದರೆ ಆ ಕಾಲು ನೋಡಿದರೆ ಯಾರದೋ ಬೇರೆಯವರ ಕಾಲು ಅನ್ನಿಸ್ತಿತ್ತು. ತೊಡೆ ಒಣಗಿದ ಜಾಲಿ ಕೊಂಬೆ ಥರ ಆಗಿತ್ತು.

ಅಲ್ಲಿ ಫಿಸಿಯೋಥೆರಪಿ ನೋಡೋ ಹುಡುಗಿ ಒಬ್ಬರಿದ್ದರು. ನನ್ನ ಮಗಳ ವಯಸ್ಸು. ಮಂಡಿ ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಪೆನ್ನಲ್ಲಿ ಗುರುತು ಹಾಕಿ ಟೇಲರ್ ಟೇಪು ಸುತ್ತಿ ಅಳೆದರು. ಬಲತೊಡೆ 44, ಎಡತೊಡೆ 41. "ಯಜಮಾನ್ರೇ, ಮೂಳೆ ಕೂಡಿಸೋದು ಡಾಕ್ಟ್ರ ಕೆಲಸ, ಅವರು ಮಾಡಿದ್ದಾರೆ. ಈ ಮೂರು ಸೆಂಟಿಮೀಟರ್ ನಿಮ್ಮ ಕೆಲಸ" ಅಂದರು. ಒಂದು ಹಾಳೆ ಕೊಟ್ಟರು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತೋದು, ಮಲಗಿ ಕಾಲು ನೆಟ್ಟಗೆ ಎತ್ತೋದು, ಗೋಡೆ ಹಿಡಿದು ಒಂಟಿಗಾಲಲ್ಲಿ ಹಿಮ್ಮಡಿ ಎತ್ತೋದು, ಕೊನೆಗೆ ಮೆಟ್ಟಿಲು ಹತ್ತಿ ಇಳಿಯೋದು. ಎಲ್ಲದರ ಮುಂದೆ ಒಂದೊಂದು ಕಾಲಿಗೆ 10, ಮೂರು ಸುತ್ತು ಅಂತ ಬರೆದಿತ್ತು.

ಇಲ್ಲಿ ನನಗೆ ಏನು ಆತಂಕ ಇತ್ತು ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಇರೋದು ಮೂರೂವರೆ ಎಕರೆ. ಬೆಂಗಳೂರಲ್ಲಿರೋ ಮಗ, "ಅಪ್ಪಾಜಿ, ಸಾಕು ಬಿಡ್ರಿ. ಯಾರಿಗಾದ್ರೂ ಪಾಲಿಗೆ ಹಾಕಿ, ಇಲ್ಲಿಗೆ ಬನ್ನಿ" ಅಂದ. ಪ್ರೀತಿಯಿಂದಲೇ ಅಂದ. ನಾನು ಮುಂಗಾರಿನ ತನಕ ಗಡುವು ಕೇಳಿದೆ. ಬೆನ್ನಿಗೆ ಹಾಕೋ ಸ್ಪ್ರೇ ಪಂಪು 16 ಲೀಟರಿನದು, ತುಂಬಿದರೆ ಹತ್ತಿರ ಹತ್ತಿರ 20 ಕೆಜಿ. ಅದನ್ನ ಹೊತ್ತು, ಎಡಗಾಲು ಮುಂದಿಟ್ಟು ಬದು ಹತ್ತಿ ಇಳಿಯೋಕೆ ಆದರೆ ಬಿತ್ತನೆ ನನ್ನದು, ಆಗದಿದ್ದರೆ ಪಾಲಿಗೆ. ಇದು ನಮ್ಮಿಬ್ಬರ ಒಪ್ಪಂದ.

ಒಂದೊಂದೇ ಕಾಲಿಗೆ ಯಾಕೆ? ಎರಡೂ ಕಾಲಲ್ಲಿ ಬಸ್ಕಿ ಹೊಡೆದರೆ ಎರಡಕ್ಕೂ ಶಕ್ತಿ ಬರಲ್ವಾ? ಇದನ್ನ ನಾನು ಎತ್ತಿನ ಲೆಕ್ಕದಲ್ಲಿ ಅರ್ಥ ಮಾಡ್ಕೊಂಡೆ. ಎತ್ತು ಕಟ್ಟಿದೋರಿಗೆ ಗೊತ್ತಿರ್ತದೆ. ಜೋಡಿಯಲ್ಲಿ ಒಂದು ಗಟ್ಟಿ, ಒಂದು ಎಳೇದು ಇದ್ದರೆ ಮಿಣಿಯನ್ನ ನೊಗದ ನಡುಮಧ್ಯಕ್ಕೆ ಕಟ್ಟಲ್ಲ. ಗಟ್ಟಿ ಎತ್ತಿನ ಕಡೆಗೆ ಎರಡು ಬೆರಳು ಸರಿಸಿ ಕಟ್ತೀವಿ. ಆಗ ಭಾರ ಗಟ್ಟಿ ಎತ್ತಿನ ಮೇಲೆ ಹೆಚ್ಚು ಬೀಳ್ತದೆ, ಎಳೇದಕ್ಕೆ ಹಗುರ ಆಗ್ತದೆ. ಸಾಲು ಮುಗೀತದೆ, ಆದರೆ ಎಳೇ ಎತ್ತಿಗೆ ದುಡಿಮೆ ಅಷ್ಟೇ ಸಿಕ್ಕಿರ್ತದೆ. ನಮ್ಮ ಮೈಯೂ ಅದೇ ಮಾಡ್ತದೆ, ನಮ್ಮನ್ನ ಕೇಳದೇನೇ. ಕುರ್ಚಿಯಿಂದ ಏಳುವಾಗ, ಬಾಗಿ ಚೀಲ ಎತ್ತುವಾಗ ಭಾರ ಎಲ್ಲಾ ಗಟ್ಟಿ ಕಾಲಿಗೆ ಸರಿದು ಹೋಗ್ತದೆ. ನೋಡೋರಿಗೆ ಎರಡು ಕಾಲು ದುಡಿದ ಹಾಗೆ ಕಾಣ್ತದೆ. ಸೊರಗಿದ ಕಾಲು ಸುಮ್ಮನೆ ಜೊತೆಗೆ ನಡೆದಿರ್ತದೆ. ನೊಗ ಬಿಚ್ಚಿ ಒಂದೊಂದನ್ನೇ ಕಟ್ಟಿದಾಗ ಮಾತ್ರ ಯಾವುದರ ಬಲ ಎಷ್ಟು ಅನ್ನೋದು ಬಯಲಾಗ್ತದೆ.

ನನ್ನದೂ ಬಯಲಾಯ್ತು. ಮಲಗಿ ಕಾಲು ನೆಟ್ಟಗೆ ಎತ್ತೋದರಲ್ಲಿ ಬಲಗಾಲಿಗೆ 20 ಸಲೀಸು. ಎಡಗಾಲು ಆರು ಸಲ ಸರಿಯಾಗಿ ಎದ್ದಿತು. ಏಳನೇ ಸಲ ಮಂಡಿ ಬಗ್ಗಿತು. ಹಾಳೆಯಲ್ಲಿ 10 ಅಂತ ಐತೆ, ಹೊಟ್ಟೆ ಬಿಗಿ ಹಿಡಿದು ಹೆಂಗಾದ್ರೂ ಹತ್ತು ಮಾಡಬೇಕಾ ಅಂತ ಫೋನ್ ಮಾಡಿ ಕೇಳಿದೆ. ಆ ಹುಡುಗಿ ಹೇಳಿದ್ದು ಮೂರು ಮಾತು. "ಯಾವಾಗಲೂ ಎಡಗಾಲಿಂದಲೇ ಶುರು ಮಾಡಿ. ಸರಿಯಾಗಿ ಆಗಿದ್ದನ್ನ ಮಾತ್ರ ಎಣಿಸಿ. ಎಡಗಾಲು ಆರಕ್ಕೆ ನಿಂತ್ರೆ ಬಲಗಾಲೂ ಆರಕ್ಕೇ ನಿಲ್ಲಬೇಕು."

ಈ ಮೂರನೇ ಮಾತು ನನಗೆ ಹಿಡಿಸಿತು. ಗಟ್ಟಿ ಕಾಲು 20 ಮಾಡಬಲ್ಲದು ಅಂತ 20 ಮಾಡಿಸಿದರೆ ಅದು ಇನ್ನೂ ಗಟ್ಟಿ ಆಗ್ತದೆ, ಇದು ಹಿಂದೇನೇ ಉಳೀತದೆ, ಅಂತರ ಹಾಗೇ ಇರ್ತದೆ. ಸುಸ್ತಿಲ್ಲದ ಹೊತ್ತಲ್ಲಿ ಮೊದಲ ಪಾಳಿ ಸೊರಗಿದ್ದಕ್ಕೆ ಸಿಗಬೇಕು. ಎಣಿಕೆ ನಿಗದಿ ಮಾಡೋದು ಅದು. ಬಲಗಾಲು ಕಾಯಬೇಕು. ಬಲಗಾಲಿಗೆ ಇದರಿಂದ ನಷ್ಟ ಏನೂ ಇಲ್ಲ, ಇರೋ ಬಲ ಉಳಿಸ್ಕೊಳ್ಳೋಕೆ ಅಷ್ಟು ಸಾಕು.

ಎಣಿಸೋ ಕೆಲಸ ನಮ್ಮ ಮನೆಯವರು ವಹಿಸ್ಕೊಂಡರು. ಕಣದಲ್ಲಿ ರಾಶಿ ಅಳೆಯುವಾಗ ನಾವು ಒಂದು ಅನ್ನಲ್ಲ, ಲಾಭ ಅಂತೀವಿ. ಲಾಭ, ಎರಡು, ಮೂರು. ಆಕೆ ಕಾಲನ್ನೂ ಹಂಗೇ ಎಣಿಸಿದರು. ಬಾಗಿಲ ಹತ್ತಿರ ಕೂತು ಶೇಂಗಾ ಸುಲೀತಾ, ಒಂದು ಸಲ ಕಾಲು ಎದ್ದರೆ ಒಂದು ಕಾಳು ಪಕ್ಕಕ್ಕೆ. ಕಣದ ಲೆಕ್ಕದಷ್ಟೇ ಬಿಗಿ. ಕೊಳಗ ತುಂಬದಿದ್ದರೆ ಹೆಂಗೆ ಎಣಿಸಲ್ವೋ, ಕಾಲು ಅರ್ಧಕ್ಕೆ ಎದ್ದು ಬಿದ್ದರೆ ಕಾಳು ಸರಿಸ್ತಿರಲಿಲ್ಲ. "ರೀ, ಅದು ಲೆಕ್ಕಕ್ಕಿಲ್ಲ" ಅನ್ನೋರು.

ಎಣಿಕೆ ಬಾಯಿಬಿಟ್ಟು, ಗಟ್ಟಿಯಾಗಿ ಆಗಬೇಕು ಅಂತ ಫಿಸಿಯೋ ಹುಡುಗಿ ಹೇಳಿದ್ದರು. ಅದಕ್ಕೂ ಕಾರಣ ಐತೆ. ಬಲ ಹಾಕುವಾಗ ನಾವು ಗೊತ್ತಿಲ್ಲದೇ ಉಸಿರು ಬಿಗಿ ಹಿಡೀತೀವಿ. ಹಂಗೆ ಹಿಡಿದಾಗ ಬಿಪಿ ಒಮ್ಮೆಗೇ ಏರ್ತದೆ. ಬಾಯಲ್ಲಿ ಎಣಿಸ್ತಾ ಇದ್ದರೆ ಉಸಿರು ಹಿಡಿಯೋಕೆ ಆಗಲ್ಲ, ತಾನಾಗೇ ಹೊರಗೆ ಬರ್ತದೆ. ಬಿಪಿ ಮಾತ್ರೆ ತಗೊಳ್ಳೋರು ಇದನ್ನ ಮರೀಬಾರದು. ಹಾಗಾಗಿ ಆಕೆ ಒಂದು ಕಡೆ, ನಾನೂ ಒಂದು ಕಡೆ, ಇಬ್ಬರೂ ಕೂಗಿ ಎಣಿಸ್ತಿದ್ದೆವು. ಎತ್ತುವಾಗ ಎರಡು ಎಣಿಕೆ, ಮೇಲೆ ಒಂದು, ಇಳಿಸುವಾಗ ಮೂರು. ಇಳಿಸೋದು ನಿಧಾನ ಆದಷ್ಟೂ ತೊಡೆಗೆ ಕೆಲಸ ಹೆಚ್ಚು. ಚೀಲ ಹೊತ್ತು ಬದು ಹತ್ತೋದಕ್ಕಿಂತ ಇಳಿಯೋದೇ ಮಂಡಿಗೆ ಕಷ್ಟ ಅನ್ನೋದು ನಮಗೆಲ್ಲಾ ಗೊತ್ತಿರೋದೇ.

ಈ 10, ಮೂರು ಸುತ್ತು ಅನ್ನೋದು ಎಲ್ಲಿಂದ ಬಂತು ಅಂತ ಮಗನಿಗೆ ಕೇಳಿದೆ. ಅವನು ಹುಡುಕಿ ಕಳಿಸಿದ, ನಾನೂ ಮೊಬೈಲಲ್ಲಿ ಓದಿದೆ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಶಿಕಾಗೋದಲ್ಲಿ ಸೈನ್ಯದ ಆಸ್ಪತ್ರೆ ಒಂದಿತ್ತು. ಅಲ್ಲಿ ಮಂಡಿ, ತೊಡೆ ಹೋದ ಸೈನಿಕರು ತುಂಬಿದ್ದರು. ಆಗಿನ ಪದ್ಧತಿ, ಸ್ವಲ್ಪ ಭಾರ ಕೊಟ್ಟು ಬಹಳ ಸಲ ಮಾಡಿಸೋದು. ಥಾಮಸ್ ಡಿಲೋರ್ಮ್ ಅನ್ನೋ ಡಾಕ್ಟ್ರು ಇದನ್ನ ತಿರುಗಿಸಿದರು. ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿಸಿ, ಹತ್ತು ಸಲ ಮಾತ್ರ ಎತ್ತೋಕೆ ಆಗೋವಷ್ಟು ಭಾರ ಹಾಕಿ, ನಡುವೆ ನಿಲ್ಲಿಸಿ ನಿಲ್ಲಿಸಿ ಮಾಡಿಸಿದರು. 1945ರಲ್ಲಿ ಅವರು ಬರೆದಾಗ ಹತ್ತರಂತೆ 7ರಿಂದ 10 ಸುತ್ತು, ಅಂದರೆ 70ರಿಂದ 100 ಸಲ. ಮೂರು ವರ್ಷ ಆದಮೇಲೆ, 1948ರಲ್ಲಿ, ಅವರೂ ವಾಟ್ಕಿನ್ಸ್ ಅನ್ನೋ ಇನ್ನೊಬ್ಬ ಡಾಕ್ಟ್ರೂ ಸೇರಿ ಅಷ್ಟು ಬೇಡ, ಮೂರು ಸುತ್ತು ಸಾಕು ಅಂದರು. ಮೊದಲ ಸುತ್ತಿಗೆ ಅರ್ಧ ಭಾರ, ಎರಡನೇದಕ್ಕೆ ಮುಕ್ಕಾಲು, ಮೂರನೇದಕ್ಕೆ ಪೂರ್ತಿ. ನನ್ನ ಕೈಯಲ್ಲಿದ್ದ ಹಾಳೆಯ ಹಿಂದೆ ಇಷ್ಟು ಕತೆ ಐತೆ. ಸಲ ಕಡಿಮೆ ಮಾಡಿದರೂ ಕಾಲು ಗಟ್ಟಿ ಆಯ್ತು ಅನ್ನೋದು ನನಗೆ ಅದರಲ್ಲಿ ಮುಖ್ಯ ಅನ್ನಿಸಿತು. ಬಹಳ ದುಡಿದೋನೇ ಹೆಚ್ಚು ಬೆಳೀತಾನೆ ಅನ್ನೋದು ಎಲ್ಲಾ ಕಡೆ ನಡೆಯಲ್ಲ.

ಈಗ ಬಿಡುವಿನ ವಿಷಯ. ನಮ್ಮವರಿಗೆ ಎಣಿಸೋದು ಹೇಳಿಕೊಡಬಹುದು, ನಿಲ್ಲಿಸೋದು ಹೇಳಿಕೊಡೋದು ಕಷ್ಟ. ಸುಮ್ಮನೆ ಕೂತರೆ ಸೋಮಾರಿ ಅನ್ನಿಸ್ತದೆ.

ಜಗಳೂರು ಸೀಮೆಯ ಬೋರ್‌ವೆಲ್ ನೋಡಿದೋರಿಗೆ ಇದು ಬೇಗ ತಿಳೀತದೆ. ನಮ್ಮ ಬೋರು ಅರ್ಧ ತಾಸು ಓಡಿದರೆ ಗಾಳಿ ಉಗುಳ್ತದೆ. ಆಫ್ ಮಾಡಿ ಬಿಟ್ಟರೆ ಒಳಗೆ ನೀರು ಜಿನುಗಿ ಮತ್ತೆ ಕೂಡ್ತದೆ. ಕರೆಂಟು ಐತೆ ಅಂತ ಓಡಿಸ್ತಾನೇ ಇದ್ದರೆ ನೀರು ಹೆಚ್ಚು ಬರಲ್ಲ, ಮೋಟರ್ ಸುಡ್ತದೆ. ಮಾಂಸಖಂಡದ ಒಳಗೂ ತಕ್ಷಣಕ್ಕೆ ಸಿಗೋ ಶಕ್ತಿ ಸ್ವಲ್ಪವೇ. ಜೋರು ಕೆಲಸಕ್ಕೆ ಹತ್ತು ಸೆಕೆಂಡಿನ ಆಸುಪಾಸು ಬರ್ತದೆ. ನಿಲ್ಲಿಸಿದ ಮೇಲೆ ಸುಮಾರು ಅರ್ಧ ನಿಮಿಷದಲ್ಲಿ ಅರ್ಧದಷ್ಟು ತುಂಬ್ತದೆ, ಪೂರ್ತಿ ತುಂಬೋಕೆ ಮೂರರಿಂದ ಐದು ನಿಮಿಷ ಬೇಕು. ನಾವು ಸುಮ್ಮನೆ ಕೂತಿದ್ದರೂ ಒಳಗೆ ಕೆಲಸ ನಡೀತಾನೇ ಇರ್ತದೆ.

ಒಂದೊಂದು ಕಾಲಿನ ಕಸರತ್ತಲ್ಲಿ ಬಿಡುವು ಎರಡು ಥರ ಐತೆ, ಇದು ಗಮನಿಸಬೇಕಾದ್ದು. ಬಲಗಾಲು ದುಡಿಯುವಾಗ ಎಡಗಾಲಿಗೆ ಬಿಡುವು ಸಿಗ್ತದೆ, ಸರಿ. ಆದರೆ ಎದೆಗೆ ಸಿಗಲ್ಲ. ಎದೆ ಒಂದೇ, ಅದು ಎರಡು ಕಾಲಿಗೂ ದುಡೀತದೆ. ಎಡ 10, ಬಲ 10, ಮತ್ತೆ ಎಡ 10 ಅಂತ ಬಿಡದೆ ಹೋದರೆ ಕಾಲಿಗಿಂತ ಮೊದಲು ಉಸಿರು ಸೋಲ್ತದೆ, ಆಮೇಲೆ ಕಾಲು ಅಡ್ಡಾದಿಡ್ಡಿ ಹೋಗ್ತದೆ. ಹಾಗಾಗಿ ಎಡ ಆದಮೇಲೆ ಅರ್ಧ ನಿಮಿಷ, ಬಲ ಆದಮೇಲೆ ಒಂದೂವರೆ ಎರಡು ನಿಮಿಷ. ಮೆಟ್ಟಿಲು ಹತ್ತೋ ಕಸರತ್ತಿಗೆ ಇನ್ನೂ ಸ್ವಲ್ಪ ಜಾಸ್ತಿ. ಮತ್ತೆ ಮಾತಾಡುವಾಗ ಏದುಸಿರು ಬರದಿದ್ದರೆ ಮುಂದಿನ ಸುತ್ತು ಅನ್ನೋದು ನಮ್ಮ ಮನೆಯ ಗಡಿಯಾರ. ಆಕೆ ಆ ಹೊತ್ತಲ್ಲಿ ಏನಾದ್ರೂ ಕೇಳೋರು. ಸಂಘದ ಸಾಲದ ಕಂತು ಯಾವಾಗ, ದನದ ಮೇವು ಎಷ್ಟು ದಿನಕ್ಕೆ ಬರ್ತದೆ. ನಾನು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟರೆ, "ಹೂಂ, ಲಾಭ" ಅಂತ ಶುರು ಮಾಡೋರು.

ಫರ್ಲಾಂಗು ಅನ್ನೋ ಮಾತು ನಮ್ಮ ಹಿರಿಯರ ಬಾಯಲ್ಲಿ ಈಗಲೂ ಐತೆ. ಎಂಟು ಫರ್ಲಾಂಗಿಗೆ ಒಂದು ಮೈಲಿ, ಒಂದು ಫರ್ಲಾಂಗು 220 ಗಜ ಅಂತ ಇಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆವು. ಅದು ಇಂಗ್ಲೆಂಡಿನ ರೈತರ ಮಾತಂತೆ, ಸಾಲಿನ ಉದ್ದ ಅಂತ ಅರ್ಥ. ಎತ್ತುಗಳು ನಿಲ್ಲದೆ ಒಂದೇ ದಮ್ಮಿಗೆ ಉಳಬಲ್ಲ ಉದ್ದ. ಅಲ್ಲಿಗೆ ಬಂದ ಮೇಲೆ ನಿಲ್ಲಿಸಿ, ದಮ್ಮು ಬಿಡಿಸಿ, ತಿರುಗಿಸ್ಕೊಳ್ಳೋದು. ಎತ್ತಿನ ಬಿಡುವೇ ಒಂದು ಅಳತೆ ಆಗಿ ರಸ್ತೆ ಅಳೀತು. ನಮ್ಮಪ್ಪನೂ ರೆಂಟೆ ಹೊಡೆಯುವಾಗ ಸಾಲಿನ ತುದಿಗೆ ಎತ್ತು ನಿಲ್ಲಿಸಿ ಒಂದು ಎಲೆಯಡಿಕೆ ಹಾಕ್ಕೊಳ್ಳೋನು. ನಿಂತಿದ್ದು ಎತ್ತಿಗೋಸ್ಕರ, ಎಲೆಯಡಿಕೆ ನೆಪ.

ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ ಆಗಬೇಕು, ಅವರಿಗೆ ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ನನ್ನ ಕಾಲಿನ ಕತೆ ಕೇಳಿ ಅವರೂ ಡಾಕ್ಟ್ರನ್ನ ಕಂಡು ಬಂದು ಮತ್ತೆ ಕಸರತ್ತು ಶುರು ಮಾಡಿದರು. ಮುಷ್ಟಿ ಬಿಚ್ಚೋದು, ಮುಚ್ಚೋದು, ಖಾಲಿ ಚೊಂಬು ಎತ್ತಿ ಇಡೋದು. ಎಣಿಸೋದು ಮೊಮ್ಮಗಳು, ನಾಲ್ಕನೇ ಕ್ಲಾಸು. ಅಣ್ಣನ ಬಲಗೈ ಸುಮ್ಮನಿರಲ್ಲ. ಎಡಗೈ ನಡುಗಿದ ಕೂಡಲೇ ಮೆಲ್ಲಗೆ ಬಂದು ಚೊಂಬಿನ ಅಡಿ ಹಿಡೀತದೆ. ಆ ಹುಡುಗಿ ಬಿಡಲ್ಲ. "ಅಜ್ಜಾ, ಅದು ಬಲಗೈದು, ನಾನು ಎಣಿಸಲ್ಲ" ಅಂತಾಳೆ. ಅವರಿಗೆ ಐದಕ್ಕೇ ನಿಲ್ಲಿಸಿ ಬಿಡುವು ಕೊಡೋಕೆ ಹೇಳಿದ್ದಾರೆ. ಸುಸ್ತಾದ ಮೇಲೆ ಕೈ ಬೇರೆ ದಾರಿ ಹಿಡೀತದೆ, ಭುಜ ಎತ್ತಿ, ಮೈ ವಾಲಿಸಿ ಕೆಲಸ ಸಾಗಿಸ್ತದೆ. ಆ ಅಡ್ಡದಾರಿ ರೂಢಿ ಆಗಬಾರದು ಅಂತ. ಮೊನ್ನೆ ಅರ್ಧ ಚೊಂಬು ನೀರು ಎತ್ತಿ ಇಟ್ಟರು. ನಾಲ್ಕು ಸಲ. ಐದನೇದನ್ನ ಮೊಮ್ಮಗಳು ಎಣಿಸಲಿಲ್ಲ.

ಇನ್ನೊಂದು ವಿಷಯ, ಪ್ಲಾಸ್ಟರ್ ಹಾಕಿಸ್ಕೊಂಡು ಮಲಗಿರೋರಿಗೆ. ಗಟ್ಟಿ ಕಾಲನ್ನ ಸುಮ್ಮನೆ ಬಿಡಬೇಡಿ. 1894ರಷ್ಟು ಹಿಂದೆಯೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಅನ್ನೋ ವಿಜ್ಞಾನಿ ಮತ್ತು ಜೊತೆಯವರು ಒಂದೇ ಕೈಗೆ ಕಸರತ್ತು ಮಾಡಿಸಿ ನೋಡಿದರು. ಮಾಡದೆ ಬಿಟ್ಟ ಇನ್ನೊಂದು ಕೈಯ ಬಲವೂ ಹೆಚ್ಚಾಗಿತ್ತು. ಆಮೇಲೆ ಬಹಳ ಜನ ಇದನ್ನ ಮತ್ತೆ ಮತ್ತೆ ಪರೀಕ್ಷೆ ಮಾಡಿ ಹೌದು ಅಂದಿದ್ದಾರೆ. ಮಾಂಸಕ್ಕೆ ಆಜ್ಞೆ ಹೋಗೋದು ಮಿದುಳಿಂದ ತಾನೇ, ಅಲ್ಲಿ ಕಲಿತದ್ದರಲ್ಲಿ ಒಂದು ಪಾಲು ಆ ಕಡೆಗೂ ಹೋಗ್ತದೆ. ಪೂರ್ತಿ ಹೋಗಲ್ಲ, ಒಂದು ಪಾಲು. ಬರಗಾಲದಲ್ಲಿ ಅಷ್ಟು ಸಿಕ್ಕರೂ ಲಾಭವೇ.

ನಾಲ್ಕು ತಿಂಗಳ ಲೆಕ್ಕ ಹೇಳ್ತೀನಿ. ಎಡಗಾಲಿನ ಆರು ಹತ್ತಾಗೋಕೆ ಮೂರು ವಾರ ಹಿಡೀತು. ಮೂರು ಸುತ್ತು ಹತ್ತಾದ ಮೇಲೆ ಹಳೇ ಕಾಲುಚೀಲದಲ್ಲಿ ಅರ್ಧ ಕೆಜಿ ಮರಳು ಕಟ್ಟಿ ಪಾದದ ಮೇಲೆ ಇಟ್ಟೆ, ಎಣಿಕೆ ಮತ್ತೆ ಏಳಕ್ಕೆ ಇಳೀತು. ಮತ್ತೆ ಹತ್ತು, ಮತ್ತೆ ಒಂದು ಕೆಜಿ. ಭಾರದ ಕಸರತ್ತು ದಿನ ಬಿಟ್ಟು ದಿನ. ಯುಗಾದಿ ಹೊತ್ತಿಗೆ ಮನೆ ಮುಂದಿನ ಕಟ್ಟೆ ಮೆಟ್ಟಿಲು ಎಡಗಾಲಲ್ಲಿ ಹತ್ತಿದೆ. ಹೋದ ವಾರ ಟೇಪು ಹಿಡಿದಾಗ ಎಡತೊಡೆ 43. ಬಲ 44 ಹಾಗೇ ಐತೆ. ಮೂರರಲ್ಲಿ ಎರಡು ಬಂತು, ಒಂದು ಬಾಕಿ.

ನಿಮ್ಮಲ್ಲಿ ಯಾರಿಗಾದ್ರೂ ಬೇಕಾದ್ರೆ ಇಷ್ಟು ನೆನಪಿಟ್ಕೊಳ್ಳಿ:

1. ಡಾಕ್ಟ್ರು ಅಥವಾ ಫಿಸಿಯೋ ಒಬ್ಬರು ಕಾಲು ಮುಟ್ಟಿ ನೋಡಿದ ಮೇಲೆ ಶುರು ಮಾಡಿ. ನನ್ನ ಸಂಖ್ಯೆ ನನ್ನ ಕಾಲಿನದು, ನಿಮ್ಮದು ಬೇರೆ.
2. ಹತ್ತು ಅಂದರೆ ಒಂದೊಂದು ಕಡೆಗೂ ಹತ್ತಾ, ಸೇರಿ ಹತ್ತಾ ಅಂತ ಅಲ್ಲೇ ಕೇಳಿ ಬರೆಸ್ಕೊಳ್ಳಿ.
3. ಸೊರಗಿದ ಕಡೆ ಮೊದಲು. ಅದು ನಿಂತ ಎಣಿಕೆಗೆ ಗಟ್ಟಿ ಕಡೆನೂ ನಿಲ್ಲಬೇಕು.
4. ಅರ್ಧಂಬರ್ಧ ಆದದ್ದು ಲೆಕ್ಕಕ್ಕಿಲ್ಲ. ಇನ್ನೊಂದೆರಡು ಆಗ್ತದೆ ಅನ್ನೋವಾಗಲೇ ನಿಲ್ಲಿಸಿ.
5. ಬಾಯಿಬಿಟ್ಟು ಎಣಿಸಿ. ಉಸಿರು ಹಿಡೀಬೇಡಿ.
6. ತೊಡೆ ಉರಿದರೆ ಅದು ದುಡಿಮೆ. ಕೀಲಿನ ಒಳಗೆ ಚಳಕ್ ಅಂದರೆ ಆವತ್ತಿಗೆ ಸಾಕು, ಫೋನ್ ಮಾಡಿ ಕೇಳಿ.

ಭಾನುವಾರ ಮಗ ಬಂದಿದ್ದ. ಪಂಪಿಗೆ ಬರೀ ನೀರು ತುಂಬಿಸಿ ಬೆನ್ನಿಗೆ ಹಾಕ್ಕೊಂಡೆ. ಅವನೇ ಬದುವಿನ ಮೇಲೆ ನಿಂತು ಎಣಿಸಿದ. ಎಡಗಾಲು ಮುಂದಿಟ್ಟು ಹತ್ತಿ ಇಳಿದು ಎಂಟು ಸಲ ಆಯ್ತು. ಒಂಬತ್ತಕ್ಕೆ ಮಂಡಿ ಒಳಗೆ ವಾಲಿತು, ನಾನೇ ನಿಲ್ಲಿಸಿದೆ. ಒಪ್ಪಂದದಲ್ಲಿ ಸಂಖ್ಯೆ ಬರೆದಿರಲಿಲ್ಲ, ಹಾಗಾಗಿ ಅಲ್ಲೇ ಬದುವಿನ ಮೇಲೆ ಕೂತು ಮಾತಾಡಿದೆವು. ರಸ್ತೆ ಕಡೆಯ ಎರಡು ಎಕರೆ ಮೆಕ್ಕೆಜೋಳ ಈ ವರ್ಷ ಪಾಲಿಗೆ. ಬೋರಿನ ಪಕ್ಕದ ಒಂದೂವರೆ ಎಕರೆಯಲ್ಲಿ ಈರುಳ್ಳಿ ನನ್ನದು, ಪಂಪು ಪೂರ್ತಿ ತುಂಬದೆ 10 ಲೀಟರಿಗೆ ನಿಲ್ಲಿಸಬೇಕು, ಎರಡು ಪಂಪಿಗೊಂದು ಸಲ ಬೇವಿನ ಮರದಡಿ ಕೂರಬೇಕು. ಕೊನೆಯ ಷರತ್ತು ಅವರಮ್ಮನದು.

ಬೀಜ ತಂದಿಟ್ಟಿದ್ದೀನಿ. ರೋಹಿಣಿ ಹೆಂಗೆ ಬರ್ತದೋ ನೋಡೋಣ. ಬಂದರೆ ಮುಂದಿನ ಸಲ ಈರುಳ್ಳಿ ಬಗ್ಗೆ ಬರೀತೀನಿ.